ಹಳೆ ಸ್ಪೀಕರ್ ರಿಪೇರಿ ಮೊದಲು, ರಿಸೀವರ್ ಆಮೇಲೆ: ನಮ್ಮ ಸೀಮೆಯ ಧೂಳು-ಬಿಸಿಲಿಗೆ ತಕ್ಕ ಮಾರ್ಗದರ್ಶಿ

ರಾಯಚೂರಿನ ಹಳೆ ಮನೆ ಖಾಲಿ ಮಾಡುವಾಗ ನಮ್ಮ ಕಾಕಾ ಅಟ್ಟದಿಂದ ಎರಡು ಮರದ ಸ್ಪೀಕರ್ ಇಳಿಸಿದರು. "ಒಯ್ತಿದ್ರ ಒಯ್ಯಿ, ಇಲ್ಲಂದ್ರ ಗುಜರಿಗೆ ಹಾಕ್ತೀನಿ ನೋಡು" ಅಂದರು. ಕೊಪ್ಪಳಕ್ಕೆ ತಂದೆ. ತಂದವನು ಸ್ಪೀಕರ್ ಹೇಗಿವೆ ಎಂದು ಬಿಚ್ಚಿ ನೋಡಬೇಕಿತ್ತು ಅಲ್ವಾ? ನೋಡಲಿಲ್ಲ. ಬೆಳ್ಳಿ ಬಣ್ಣದ ಮುಖ, ಒಳಗೆ ನೀಲಿ ದೀಪ ಇರುವ ಒಂದು ಹಳೆ ಜಪಾನಿ ರಿಸೀವರ್ (ರೇಡಿಯೋ, ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್) ಕಣ್ಣಿಗೆ ಬಿತ್ತು, ಕೊಂಡುಬಿಟ್ಟೆ. ಮನೆಗೆ ತಂದು ಪ್ಲಗ್ ಚುಚ್ಚಿದ ಕೂಡಲೇ ಫಟ್ ಅಂತ ಫ್ಯೂಸ್ ಹೋಯಿತು. ಹಿಂಬದಿಯಲ್ಲಿ 100 ವೋಲ್ಟ್ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಓದಿರಲಿಲ್ಲ. ಪುಣ್ಯಕ್ಕೆ ಫ್ಯೂಸಿನಲ್ಲೇ ಮುಗಿಯಿತು.

ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಚ್ಚಿ, ನಮ್ಮ 230 ವೋಲ್ಟನ್ನು 100ಕ್ಕೆ ಇಳಿಸಿ, ಎಬ್ಬಿಸಿದ ಮೇಲೆ ಇನ್ನೊಂದು ತಮಾಷೆ. ಎಫ್‌ಎಂ ಮುಳ್ಳು 90ಕ್ಕೇ ನಿಲ್ಲುತ್ತಿತ್ತು. ಹೊಸಪೇಟೆ ಆಕಾಶವಾಣಿ ಬರುವುದು 100.5ರಲ್ಲಿ! ಆ ಕಾಲದ ಜಪಾನಿನಲ್ಲಿ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ. ನಮ್ಮಲ್ಲಿ 87.5ರಿಂದ 108. ಅಷ್ಟು ಚಂದದ ರೇಡಿಯೋ ನಮ್ಮ ಮನೆಯಲ್ಲಿ ಮೂಕವಾಗಿ ಕೂತಿತು.

ಹಾಗಾಗಿ ನಾನು ಹೇಳುವ ಕ್ರಮ ಅಂಗಡಿಯವರು ಹೇಳುವುದಕ್ಕಿಂತ ಉಲ್ಟಾ. ಮೊದಲು ಸ್ಪೀಕರ್ ರಿಪೇರಿ ಮಾಡಿ. ಅದು ಎಷ್ಟು ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ಎಷ್ಟು ತಾಳುತ್ತದೆ ಎಂದು ತಿಳಿಯಲಿ. ಆಮೇಲೆ ಅದಕ್ಕೆ ಹೊಂದುವ ರಿಸೀವರ್ ಹುಡುಕಿ.

ಉಳಿಸಬಹುದೋ ಇಲ್ಲವೋ: ಹತ್ತು ನಿಮಿಷದ ಪರೀಕ್ಷೆ

ಮೊದಲು ಮರ ನೋಡಿ. ಗೆದ್ದಲು ಹಿಡಿದಿದ್ದರೆ ಅಥವಾ ನೀರು ಕುಡಿದು ಹೊಟ್ಟುಹಲಗೆ ಉಬ್ಬಿದ್ದರೆ ಡಬ್ಬದ ಆಸೆ ಬಿಡಿ. ಒಳಗಿನ ಸ್ಪೀಕರ್ ಮಾತ್ರ ತೆಗೆದಿಟ್ಟುಕೊಳ್ಳಿ. ಅದೇ ಅಳತೆಯ ಹೊಸ ಡಬ್ಬ ನಮ್ಮ ಬಡಿಗೇರರು ಮಾಡಿಕೊಡುತ್ತಾರೆ.

ಎರಡನೆಯದು ಮಲ್ಟಿಮೀಟರ್. 200 ಓಮ್ ರೇಂಜಿನಲ್ಲಿಟ್ಟು ಡಬ್ಬದ ಹಿಂದಿನ ಎರಡು ಟರ್ಮಿನಲ್‌ಗೆ ಹಚ್ಚಿ. 5.5ರಿಂದ 7ರೊಳಗೆ ತೋರಿಸಿದರೆ ಅದು 8 ಓಮ್ ಸ್ಪೀಕರ್. 3ರಿಂದ 3.5 ತೋರಿಸಿದರೆ 4 ಓಮ್. ಮೀಟರ್ ಅಳೆಯುವುದು ಡಿಸಿ ರೆಸಿಸ್ಟೆನ್ಸ್. ಡಬ್ಬದ ಮೇಲೆ ಬರೆಯುವ ಓಮ್ ಎಸಿಯದ್ದು. ಅದಕ್ಕೇ ಈ ವ್ಯತ್ಯಾಸ. ಏನೂ ತೋರಿಸದಿದ್ದರೆ ವೂಫರ್ (ದಪ್ಪ ದನಿಯ ದೊಡ್ಡ ಸ್ಪೀಕರ್) ಒಳಗಿನ ತಾಮ್ರದ ಕಾಯಿಲ್ ಹರಿದಿದೆ, ಇಲ್ಲವೇ ಒಳಗೆ ವೈರ್ ಬಿಟ್ಟಿದೆ. ಟ್ವೀಟರ್ (ತೆಳು ದನಿಯ ಚಿಕ್ಕ ಸ್ಪೀಕರ್) ಕ್ಯಾಪಾಸಿಟರ್ ಹಿಂದೆ ಕೂತಿರುವುದರಿಂದ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅದರ ವೈರ್ ಬಿಚ್ಚಿ ಬೇರೆಯಾಗಿ ಅಳೆಯಬೇಕು.

ಮೂರನೆಯದು ಕೈಯ ಪರೀಕ್ಷೆ. ವೂಫರಿನ ಕೋನ್, ಅಂದರೆ ಅಲುಗಿ ಸದ್ದು ಮಾಡುವ ತಟ್ಟೆಯಂಥ ಭಾಗ, ಅದರ ಮೇಲೆ ಎರಡೂ ಕೈಯ ಬೆರಳಿಟ್ಟು, ಎಲ್ಲಾ ಕಡೆ ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ ಬಿಡಿ. ಕಿವಿ ಹತ್ತಿರ ಇರಲಿ. ಮೆತ್ತಗೆ ಹೋಗಿ ಬಂದರೆ ಸರಿ. ಗರಗರ ಅಂದರೆ ಕಾಯಿಲ್ ಎಲ್ಲೋ ಉಜ್ಜುತ್ತಿದೆ, ಇಲ್ಲವೇ ಮ್ಯಾಗ್ನೆಟ್ಟಿನ ಸಂದಿಯಲ್ಲಿ ಧೂಳು ಕೂತಿದೆ. ಬಳ್ಳಾರಿ, ಸಂಡೂರು ಕಡೆಯಿಂದ ಬಂದ ಸ್ಪೀಕರಿನಲ್ಲಿ ಕೆಂಪು ಧೂಳು ಮಾಮೂಲು. ಅಲ್ಲಿನ ಅದಿರು ಹೆಚ್ಚಾಗಿ ಹೆಮಟೈಟ್. ಅದು ಮ್ಯಾಗ್ನೆಟ್ಟಿಗೆ ಅಷ್ಟಾಗಿ ಅಂಟುವುದಿಲ್ಲ, ಆದರೆ ಕಾಯಿಲ್ ಓಡಾಡುವ ಸಂದಿ ಒಂದು ಮಿಲಿಮೀಟರಿನ ಆಸುಪಾಸು ಇರುತ್ತದೆ. ಅಲ್ಲಿ ನಾಲ್ಕು ಕಣ ಸಾಕು.

ಕೊನೆಗೆ ಕೋನಿನ ಸುತ್ತಲಿನ ಅಂಚು. ಮಡಿಕೆ ಮಡಿಕೆಯ ಬಟ್ಟೆಯ ಅಂಚಾದರೆ ನಿಮ್ಮ ಅದೃಷ್ಟ, ಅದು ಬಹಳ ವರ್ಷ ಬರುತ್ತದೆ. ರಬ್ಬರ್ ಆದರೆ ಬಿರುಕು ನೋಡಿ. ಫೋಮ್ ಆದರೆ ಬೆರಳಿನಿಂದ ಮುಟ್ಟಿ. ಹದಿನೈದು ಇಪ್ಪತ್ತು ವರ್ಷ ದಾಟಿದ ಫೋಮ್ ಹಳೆ ಹಪ್ಪಳದಂತೆ ಪುಡಿಯಾಗುತ್ತದೆ. ಗಾಳಿಯ ತೇವ, ಬೆಳಕು, ಓಝೋನ್ ಎಲ್ಲ ಸೇರಿ ಅದನ್ನು ತಿನ್ನುತ್ತವೆ. ಸುಮ್ನೆ ಡಬ್ಬದಲ್ಲಿ ಇಟ್ಟರೂ ಹಾಳಾಗುತ್ತದೆ, ಬಳಸಿದ್ದಕ್ಕೇ ಆಗಬೇಕೆಂದಿಲ್ಲ. ನಮ್ಮ ಕಾಕಾನವರ ಜೋಡಿಯಲ್ಲಿ ಒಂದರ ಅಂಚು ಅರ್ಧ ಉದುರಿತ್ತು. ಇನ್ನೊಂದು ನೋಡಲು ಚೆನ್ನಾಗಿತ್ತು, ಮುಟ್ಟಿದರೆ ಕೈಗೆ ಬಂತು.

ಹೊಸ ಫೋಮ್ ಕೂಡಿಸುವುದು

ಈ ಕೆಲಸಕ್ಕೆ ಜನ ಹೆದರುತ್ತಾರೆ. ಹೆದರುವಂಥದ್ದೇನಿಲ್ಲ, ಅವಸರ ಮಾಡಬಾರದು ಅಷ್ಟೇ. ಸ್ಪೀಕರ್ ಒಳಗೆ ಶಾಕ್ ಹೊಡೆಯುವಂಥದ್ದು ಏನೂ ಇಲ್ಲ.

ಫೋಮ್ ತರಿಸುವ ಮೊದಲು ಮೂರು ಅಳತೆ ಬರೆದುಕೊಳ್ಳಿ: ಕೋನಿನ ಹೊರ ಅಂಚಿನ ಅಗಲ, ಫೋಮಿನ ಉಬ್ಬು ಎಲ್ಲಿಂದ ಎಲ್ಲಿಗೆ ಇದೆ, ಫೋಮ್ ಅಂಟುವ ಕಬ್ಬಿಣದ ಚೌಕಟ್ಟಿನ ಅಗಲ. ಸುಮ್ನೆ "ಎಂಟು ಇಂಚು" ಎಂದು ಕೇಳಿದರೆ ಕೂಡದ ಮಾಲು ಬರುತ್ತದೆ. ಆನ್‌ಲೈನಿನಲ್ಲಿ ಸಿಗುತ್ತದೆ. ಹೈದರಾಬಾದಿನ ಕೋಠಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ವಿಚಾರಿಸಬಹುದು. ಒಂದೇ ಹಾಳಾಗಿದ್ದರೂ ಜೋಡಿಗೇ ಹಾಕಿ. ಒಂದು ಬಿಗಿ, ಒಂದು ಸಡಿಲ ಆದರೆ ಎರಡು ಕಡೆಯ ಬಾಸ್ ಬೇರೆ ಬೇರೆ ಬರುತ್ತದೆ.

1. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಯಾವ ಬಣ್ಣದ ವೈರ್ ಯಾವ ಕಿವಿಗೆ (ವೈರ್ ಹಚ್ಚುವ ತುದಿಗೆ) ಎಂದು ಕಾಣಬೇಕು.

2. ಸ್ಕ್ರೂ ಬಿಚ್ಚುವಾಗ ಕೋನಿನ ಮೇಲೆ ಒಂದು ರಟ್ಟು ಮುಚ್ಚಿ. ಸ್ಪೀಕರಿನ ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಎಳೆದುಕೊಳ್ಳುತ್ತದೆ. ನನ್ನ ಕೈ ಜಾರಿ ಕೋನಿಗೆ ಕಿಂಡಿ ಬಿದ್ದದ್ದು ಹೀಗೆಯೇ.

3. ಮೇಲಿನ ರಟ್ಟಿನ ಉಂಗುರವನ್ನು ಹರಿಯದಂತೆ ಎಬ್ಬಿಸಿ ಎತ್ತಿಡಿ. ಹಳೆ ಫೋಮ್, ಹಳೆ ಅಂಟು ಎಲ್ಲ ಕೆರೆಯಿರಿ. ಉಳಿದ ಅಂಟಿಗೆ ಹತ್ತಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಪೇಂಟಿನ ಥಿನ್ನರ್ ಬೇಡ, ಪ್ಲಾಸ್ಟಿಕ್ ಕೋನ್ ಆದರೆ ಕೆಡಬಹುದು. ನನಗೆ ಈ ಕೆರೆಯುವ ಕೆಲಸಕ್ಕೇ ಒಂದು ಭಾನುವಾರ ಪೂರ್ತಿ ಹೋಯಿತು.

4. ನಡುವಿನ ಬೊಟ್ಟಿನಂಥ ಮುಚ್ಚಳವನ್ನು ಬ್ಲೇಡಿನಿಂದ ಮೆಲ್ಲಗೆ ಕೊಯ್ದು ತೆಗೆಯಿರಿ. ಒಳಗೆ ತಾಮ್ರದ ಕಾಯಿಲ್, ನಡುವೆ ಕಬ್ಬಿಣದ ಕಂಬ ಕಾಣುತ್ತದೆ. ಇವೆರಡರ ನಡುವಿನ ಸಂದಿಯಲ್ಲಿ ಧೂಳಿದ್ದರೆ ಗಮ್ ಟೇಪನ್ನು ತೆಳ್ಳಗೆ ಮಡಚಿ ಒಳಗೆ ಬಿಟ್ಟು ಮುಟ್ಟಿಸಿ ಎಳೆಯಿರಿ. ಊದಬೇಡಿ, ಧೂಳು ಇನ್ನೂ ಕೆಳಗೆ ಹೋಗುತ್ತದೆ. ಆಮೇಲೆ ಓಎಚ್‌ಪಿ ಶೀಟಿನಂಥ ತೆಳು ಪ್ಲಾಸ್ಟಿಕ್ಕಿನ ನಾಲ್ಕು ಪಟ್ಟಿ ಕತ್ತರಿಸಿ ಕಂಬದ ಸುತ್ತ ನಾಲ್ಕು ದಿಕ್ಕಿಗೆ ಇಳಿಸಿ. ಕಾಯಿಲ್ ಸರಿಯಾಗಿ ನಡುವೆ ನಿಲ್ಲುತ್ತದೆ. ಇಡೀ ಕೆಲಸದ ಗುಟ್ಟು ಇದೇ.

5. ಮೊದಲು ಫೋಮನ್ನು ಕೋನಿಗೆ ಮಾತ್ರ ಅಂಟಿಸಿ. ಬಿಳಿ ಫೆವಿಕಾಲ್ ಸಾಕು. ತೆಳ್ಳಗೆ ಹಚ್ಚಿ ಸುತ್ತ ಬೆರಳಿನಿಂದ ಒತ್ತುತ್ತಾ ಬನ್ನಿ. ಒಂದು ರಾತ್ರಿ ಬಿಡಿ. ರಬ್ಬರ್ ಅಂಚಾದರೆ ಬಿಳಿ ಅಂಟು ಹಿಡಿಯುವುದಿಲ್ಲ, ಚಪ್ಪಲಿಗೆ ಹಾಕುವಂಥ ರಬ್ಬರ್ ಅಂಟು ಬೇಕು.

6. ಮರುದಿನ ಪಟ್ಟಿ ಹಾಗೇ ಇರುವಾಗ ಫೋಮಿನ ಹೊರ ಅಂಚನ್ನು ಚೌಕಟ್ಟಿಗೆ ಅಂಟಿಸಿ. ಬಟ್ಟೆ ಒಣಹಾಕುವ ಕ್ಲಿಪ್ ಸುತ್ತಲೂ ಹಾಕಿ. ಏಪ್ರಿಲ್-ಮೇನಲ್ಲಿ ಮಾಡುವುದಾದರೆ ಬೆಳಿಗ್ಗೆ ಏಳಕ್ಕೇ ಕೂತುಬಿಡಿ. ನಮ್ಮ ಕಡೆ ಮಧ್ಯಾಹ್ನ 42 ಡಿಗ್ರಿಯಲ್ಲಿ, ಫ್ಯಾನ್ ಕೆಳಗೆ, ಅರ್ಧ ಸುತ್ತು ಹಚ್ಚುವುದರೊಳಗೆ ಶುರುವಿನ ಅಂಟು ಒಣಗಿರುತ್ತದೆ.

7. ಪೂರ್ತಿ ಒಣಗಿದ ಮೇಲೆ ಪಟ್ಟಿ ಎಳೆದು ಮತ್ತೆ ಒತ್ತಿ ನೋಡಿ. ಉಜ್ಜುವ ಸದ್ದಿಲ್ಲದಿದ್ದರೆ ಮುಚ್ಚಳ ಅಂಟಿಸಿ. ಸದ್ದಿದ್ದರೆ ಮುಚ್ಚಳ ಅಂಟಿಸಬೇಡಿ. ಹೊರ ಅಂಚು ಬಿಡಿಸಿ ಮತ್ತೆ ಕೂಡಿಸಿ.

ಕೋನಿನ ಕಿಂಡಿಗೆ ನಾನು ಗಾಳಿಪಟದ ಕಾಗದ ಬಳಸಿದೆ. ಕೈಯಿಂದ ಹರಿದ ತುಣುಕು, ನೀರು ಬೆರೆಸಿದ ಫೆವಿಕಾಲ್, ಹಿಂದೊಂದು ಮುಂದೊಂದು ಪದರ. ಕತ್ತರಿಯಿಂದ ಕತ್ತರಿಸಿದರೆ ಅಂಚು ಎದ್ದು ಕಾಣುತ್ತದೆ. ಬಣ್ಣ ಮಾಸಿದೆ ಎಂದು ಕೋನಿಗೆ ಪೇಂಟ್ ಮಾತ್ರ ಬಳಿಯಬೇಡಿ. ತೂಕ ಹೆಚ್ಚಿದರೆ ದನಿ ಬದಲಾಗುತ್ತದೆ.

ಕ್ರಾಸ್‌ಓವರ್: ಫ್ಯಾನಿನ ಕ್ಯಾಪಾಸಿಟರ್ ಇಲ್ಲೂ ಆಗುತ್ತದೆ

ಡಬ್ಬದ ಒಳಗೆ ಇರುವ ಒಂದು ಚಿಕ್ಕ ಹಲಗೆಯೇ ಕ್ರಾಸ್‌ಓವರ್. ಅದರ ಮೇಲೆ ತಾಮ್ರದ ಸುರುಳಿ, ಒಂದೆರಡು ಕ್ಯಾಪಾಸಿಟರ್. ದಪ್ಪ ದನಿಯನ್ನು ವೂಫರಿಗೆ, ತೆಳು ದನಿಯನ್ನು ಟ್ವೀಟರಿಗೆ ಹಂಚುವುದು ಇದರ ಕೆಲಸ. ಸುರುಳಿಗೆ ವಯಸ್ಸಾಗುವುದಿಲ್ಲ, ಮುಟ್ಟಬೇಡಿ. ಹಳೆ ಎಲೆಕ್ಟ್ರೊಲಿಟಿಕ್ ಕ್ಯಾಪಾಸಿಟರ್ ಮಾತ್ರ ಒಣಗಿ, ಬರೆದ ಅಳತೆಗಿಂತ ಎತ್ತಲೋ ಹೋಗಿರುತ್ತದೆ. ಟ್ವೀಟರ್ ಮಂಕಾಗಿದೆ ಅನ್ನಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಬದಲಿಸುವಾಗ ಮೈಕ್ರೋಫ್ಯಾರಡ್ ಅದೇ ಇರಬೇಕು. ವೋಲ್ಟ್ ಹೆಚ್ಚಿದ್ದರೆ ಅಡ್ಡಿಯಿಲ್ಲ. ಪ್ಲಸ್-ಮೈನಸ್ ಇಲ್ಲದ ಜಾತಿಯೇ ಆಗಬೇಕು. ರೇಡಿಯೋ ಅಂಗಡಿಯಲ್ಲಿ ಸಿಗುವ ಮಾಮೂಲಿ ಎಲೆಕ್ಟ್ರೊಲಿಟಿಕ್ ಹಾಕಿದರೆ ಕೆಡುತ್ತದೆ. ಹಾಗಾದರೆ ಕೊಪ್ಪಳದಲ್ಲಿ ಎಲ್ಲಿ ಹುಡುಕುವುದು? ಕರೆಂಟ್ ಸಾಮಾನಿನ ಅಂಗಡಿಗೆ ಹೋಗಿ ಸೀಲಿಂಗ್ ಫ್ಯಾನಿನ ಕ್ಯಾಪಾಸಿಟರ್ ಕೇಳಿ. 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಸಿ. ಅದರೊಳಗೆ ಇರುವುದು ಪಾಲಿಪ್ರೊಪಿಲೀನ್ ಫಿಲ್ಮ್, ಅಂದರೆ ದುಬಾರಿ ಆಡಿಯೋ ಕ್ಯಾಪಾಸಿಟರಿನಲ್ಲಿ ಇರುವ ಜಾತಿಯೇ. ಎರಡನ್ನು ಪ್ಯಾರಲಲ್ (ಅಕ್ಕಪಕ್ಕ ಜೋಡಿಸಿ) ಹಾಕಿದರೆ 5 ಆಗುತ್ತದೆ. 3.15, 4ರ ಅಳತೆಯೂ ಸಿಗುತ್ತದೆ. ಕೆಪಾಸಿಟಿ ಅಳೆಯುವ ಮೀಟರ್ ಇದ್ದರೆ ಅಂಗಡಿಯಲ್ಲೇ ಅಳೆದು, ಎರಡೂ ಡಬ್ಬಕ್ಕೆ ಹತ್ತಿರ ಹತ್ತಿರದ ಜೋಡಿ ಆರಿಸಿ. ಗಾತ್ರ ದೊಡ್ಡದು, ನೋಡಲು ಚಂದವಿಲ್ಲ. ಡಬ್ಬದೊಳಗೆ ಯಾರು ನೋಡುತ್ತಾರೆ?

ಒಂದು ಎಚ್ಚರ. ಫಿಲ್ಮ್ ಜಾತಿಯ ಒಳ ರೆಸಿಸ್ಟೆನ್ಸ್ ಹಳೆಯದಕ್ಕಿಂತ ಕಡಿಮೆ. ಹಾಗಾಗಿ ಟ್ವೀಟರ್ ತುಸು ಚೂಪಾಗಿ ಕೇಳಬಹುದು. ಎರಡು ದಿನ ಕೇಳಿ. ಕಿವಿಗೆ ಚುಚ್ಚಿದರೆ ಕ್ಯಾಪಾಸಿಟರ್ ಜೊತೆ ಸೀರೀಸಿನಲ್ಲಿ (ಒಂದರ ಹಿಂದೊಂದು) ಅರ್ಧ ಅಥವಾ 1 ಓಮ್, 5 ವ್ಯಾಟಿನ ರೆಸಿಸ್ಟರ್ ಹಾಕಿ.

ಡಬ್ಬ ಮುಚ್ಚುವ ಮೊದಲು ಪೊಲಾರಿಟಿ, ಅಂದರೆ ಪ್ಲಸ್-ಮೈನಸ್ ಸರಿಯಿದೆಯೇ ನೋಡಿಬಿಡಿ. 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ವೂಫರಿನ ಕೆಂಪು ಕಿವಿಗೆ ಒಂದು ಕ್ಷಣ ಮುಟ್ಟಿಸಿ. ಕೋನ್ ಮುಂದೆ ಬರಬೇಕು. ಹಳೆ ಜೆಬಿಎಲ್ ಸ್ಪೀಕರುಗಳಲ್ಲಿ ಇದು ಉಲ್ಟಾ ಇರುತ್ತದೆ, ಗಾಬರಿಯಾಗಬೇಡಿ. ಎರಡೂ ಡಬ್ಬ ಒಂದೇ ಥರ ಇದ್ದರೆ ಆಯಿತು. ಟ್ವೀಟರಿಗೆ ಸೆಲ್ ಹಚ್ಚಬೇಡಿ.

ಡಬ್ಬ, ಬಟ್ಟೆ

ಮೂಲೆ ಮುರಿದಿದ್ದರೆ ಮರದ ಹೊಟ್ಟು ಮತ್ತು ಫೆವಿಕಾಲ್ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದ ಹಾಕಿ ತಿಕ್ಕಿ. ನಮ್ಮ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು, ಮರದ ಪುಡಿ ಬಳಸುವುದೂ ಇದೇ ಲೆಕ್ಕ. ಹಿಂದೆ ರಂಧ್ರವಿಲ್ಲದ ಮುಚ್ಚಿದ ಡಬ್ಬವಾದರೆ ಗಾಳಿ ಸೋರಬಾರದು. ವೂಫರ್ ಮೆಲ್ಲಗೆ ಒಳಗೊತ್ತುವಾಗ ಸ್ಕ್ರೂ, ಕೀಲುಗಳ ಹತ್ತಿರ ಊದಿನಕಡ್ಡಿ ಹಿಡಿಯಿರಿ. ಹೊಗೆ ಅಲುಗಿದ ಕಡೆ ಸೋರಿಕೆ ಇದೆ. ಒಳಗೆ ಹಳದಿ ಗಾಜಿನ ನಾರು ತುಂಬಿದ್ದರೆ ಕೈಗವಸು, ಮಾಸ್ಕ್ ಹಾಕಿಯೇ ಮುಟ್ಟಿ.

ಮುಂದಿನ ಬಟ್ಟೆ ಹರಿದಿದ್ದರೆ ತೆಳ್ಳನೆಯದು, ಬಾಯಿಗೆ ಹಿಡಿದು ಊದಿದರೆ ಗಾಳಿ ಸಲೀಸಾಗಿ ದಾಟುವಂಥದ್ದು ಹಾಕಿ. ಬಳ್ಳಾರಿಯ ಗೆಳೆಯ ತನ್ನೂರಿನ ಜೀನ್ಸ್ ಬಟ್ಟೆ ಹಾಕೋಣ ಎಂದ. ನೋಡಲು ಭಾರಿ ಚಂದ ಇರುತ್ತಿತ್ತು, ಟ್ರೆಬಲ್ ಮಾತ್ರ ಡಬ್ಬದೊಳಗೇ ಉಳಿಯುತ್ತಿತ್ತು.

ಈಗ ರಿಸೀವರ್

ಆಂಪ್ಲಿಫೈಯರ್, ಪ್ರೀಆಂಪ್ (ಸಣ್ಣ ಸಿಗ್ನಲ್ಲನ್ನು ಮೊದಲು ಹದಮಾಡುವ ಭಾಗ), ರೇಡಿಯೋ ಟ್ಯೂನರ್ ಮೂರೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ರಿಸೀವರ್. ಹಾಡು ಕೇಳುವುದಷ್ಟೇ ನಿಮ್ಮ ಉದ್ದೇಶವಾದರೆ ಎರಡು ಚಾನೆಲಿನ ಸ್ಟೀರಿಯೋ ರಿಸೀವರ್ ಸಾಕು. ಐದು ಏಳು ಚಾನೆಲಿನ ಸಿನಿಮಾ ರಿಸೀವರಿಗೆ ಅದೇ ದುಡ್ಡು ಹಾಕಿದರೆ ಆ ದುಡ್ಡು ಐದು ಏಳು ಕಡೆ ಹಂಚಿಹೋಗುತ್ತದೆ.

ವ್ಯಾಟ್ ಲೆಕ್ಕ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಸ್ಪೀಕರಿಗೆ ಸೆನ್ಸಿಟಿವಿಟಿ ಎಂದು ಒಂದು ಅಂಕಿ ಇರುತ್ತದೆ. 88 ಡೆಸಿಬೆಲ್ ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ವ್ಯಾಟ್ ಎರಡು ಪಟ್ಟು ಮಾಡಿದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ "ಎರಡು ಪಟ್ಟು ಜೋರು" ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 40 ವ್ಯಾಟಿನದಕ್ಕೂ 50 ವ್ಯಾಟಿನದಕ್ಕೂ ಇರುವ ವ್ಯತ್ಯಾಸಕ್ಕೆ ದುಡ್ಡು ಸುರಿಯಬೇಡಿ. ಹತ್ತು ಹನ್ನೆರಡು ಅಡಿಯ ಕೋಣೆಗೆ ಚಾನೆಲಿಗೆ 30ರಿಂದ 50 ನಿಜವಾದ ವ್ಯಾಟ್ ಧಾರಾಳ.

"ನಿಜವಾದ" ಎಂದು ಬೇಕೆಂದೇ ಬರೆದೆ. 1990ರ ದಶಕದಲ್ಲಿ ನಮ್ಮ ಸಂತೆಗಳಲ್ಲಿ ಡೆಕ್ಕುಗಳ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತಿದ್ದರು. ಅದಕ್ಕೆ ಯಾವ ಅಳತೆಯ ಆಧಾರವೂ ಇಲ್ಲ. ಅಮೆರಿಕದಲ್ಲೂ ಇಂಥ ಉತ್ಪ್ರೇಕ್ಷೆ ಹೆಚ್ಚಾಗಿ, 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರ್ ವ್ಯಾಟನ್ನು ಹೇಗೆ ಅಳೆದು ಹೇಳಬೇಕು ಎಂದು ನಿಯಮ ಮಾಡಿತು. ಕಾಗದದ ಮೇಲೆ ಹೀಗಿರಬೇಕು: ಚಾನೆಲಿಗೆ ಇಷ್ಟು ವ್ಯಾಟ್, 8 ಓಮಿಗೆ, ಎರಡೂ ಚಾನೆಲ್ ಓಡುವಾಗ, 20ರಿಂದ 20,000 ಹರ್ಟ್ಸ್‌ವರೆಗೆ, ಡಿಸ್ಟಾರ್ಶನ್ (ದನಿ ಕೆಡುವ ಪ್ರಮಾಣ) ಇಷ್ಟು. ಇದರಲ್ಲಿ ಏನಾದರೂ ಬಿಟ್ಟಿದ್ದರೆ ಕೇಳಿ.

ವ್ಯಾಟ್ ಕಡಿಮೆ ಇದ್ದರೆ ಸ್ಪೀಕರ್ ಸುರಕ್ಷಿತ ಎಂದುಕೊಳ್ಳಬೇಡಿ. ಚಿಕ್ಕ ಆಂಪ್ ಅನ್ನು ಪೂರ್ತಿ ತಿರುಗಿಸಿದಾಗ ಅದು ಅಲೆಯ ತಲೆ ಕತ್ತರಿಸುತ್ತದೆ. ಆಗ ಟ್ವೀಟರಿಗೆ ಹೋಗುವ ಶಕ್ತಿ ಹೆಚ್ಚಿ, ಮೊದಲು ಸುಡುವುದು ಟ್ವೀಟರೇ.

ಆಮೇಲೆ ಓಮ್. ನೀವು ಮೊದಲೇ ಅಳೆದಿಟ್ಟಿದ್ದೀರಿ. 4 ಓಮ್ ಸ್ಪೀಕರ್ ಆದರೆ ರಿಸೀವರಿನ ಹಿಂದೆ 4 ಓಮ್ ಎಂದು ಬರೆದಿರಲೇಬೇಕು. ಎ ಮತ್ತು ಬಿ ಎಂದು ಎರಡು ಜೋಡಿ ಒಟ್ಟಿಗೆ ಓಡಿಸುವ ಆಸೆ ಇದ್ದರೆ ಎರಡು 8 ಓಮ್ ಸೇರಿ ಸಾಮಾನ್ಯವಾಗಿ 4 ಆಗುತ್ತದೆ, ಲೆಕ್ಕದಲ್ಲಿರಲಿ. ಊರಲ್ಲಿ ಮೈಕ್‌ಸೆಟ್ ಇಟ್ಟವರು "ನನ್ನ ಹತ್ರ ಆಂಪ್ಲಿಫೈಯರ್ ಅದ, ತಗೊಂಡು ಹೋಗು" ಅನ್ನಬಹುದು. ಆ ಯಂತ್ರಗಳಲ್ಲಿ ಹಾರ್ನಿಗಾಗಿ 100 ವೋಲ್ಟ್ ಲೈನ್ ಇರುತ್ತದೆ. ಅದಕ್ಕೆ ಮನೆಯ ಸ್ಪೀಕರ್ ಹಚ್ಚಿದರೆ ನಿಮ್ಮ ಒಂದು ವಾರದ ಕೆಲಸ ಒಂದು ಸೆಕೆಂಡಿನಲ್ಲಿ ಹೊಗೆಯಾಗುತ್ತದೆ.

ಟ್ಯೂನರ್ ವಿಷಯ ಆಗಲೇ ಹೇಳಿದೆ. ಅಮೆರಿಕದ ಸೆಟ್ಟಾದರೆ 120 ವೋಲ್ಟ್, ಡಿಜಿಟಲ್ ಟ್ಯೂನರ್ ಆದರೆ ಮೀಡಿಯಂ ವೇವ್ 10 ಕಿಲೋಹರ್ಟ್ಸ್ ಹೆಜ್ಜೆ ಹಾಕುತ್ತದೆ. ನಮ್ಮಲ್ಲಿ 9. ಹಿಂಬದಿ ಬದಲಿಸುವ ಸ್ವಿಚ್ ಇದೆಯೇ ನೋಡಿ. ರೆಕಾರ್ಡ್ ಪ್ಲೇಯರ್ ಇದ್ದವರಿಗೆ ಫೋನೋ ಇನ್‌ಪುಟ್ ಬೇಕು. ಪ್ಲೇಯರಿನಿಂದ ಬರುವುದು ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟ್, ಮಾಮೂಲಿ ಇನ್‌ಪುಟ್ ಆದ ಆಕ್ಸ್‌ಗೆ ಚುಚ್ಚಿದರೆ ಪಿಸುಮಾತು. ಬ್ಲೂಟೂತ್ ಇಲ್ಲ ಎಂದು ಒಳ್ಳೆ ಹಳೆ ಸೆಟ್ ಬಿಡಬೇಡಿ. ಆಕ್ಸ್‌ಗೆ ಹಚ್ಚುವ ಚಿಕ್ಕ ಬ್ಲೂಟೂತ್ ಡಬ್ಬಿ ಸಿಗುತ್ತದೆ.

ಹೊಸದೋ ಹಳೆಯದೋ? ನನಗೆ ಹಳೆಯದರ ಹುಚ್ಚು. ಆದರೂ ರಿಪೇರಿ ಮಾಡುವವರು ಹತ್ತಿರದಲ್ಲಿ ಇಲ್ಲದವರಿಗೆ ಹೊಸದೇ ಸರಿ ಅನ್ನುತ್ತೇನೆ. ನಮ್ಮ ಬಿಸಿಲೇ ಅದಕ್ಕೆ ಕಾರಣ. ಎಲೆಕ್ಟ್ರೊಲಿಟಿಕ್ ಕ್ಯಾಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಸುಮಾರು ಅರ್ಧವಾಗುತ್ತದೆ. ತಂಪು ಊರಿನಲ್ಲಿ ನಲವತ್ತು ವರ್ಷ ಬಾಳಿದ ಸೆಟ್ ರಾಯಚೂರಿನಲ್ಲೂ ಹಾಗೇ ಬಾಳುತ್ತದೆ ಎಂದು ನಂಬಬೇಡಿ. ಮೇಲೆ ಗೇಣು ಜಾಗ ಬಿಡಿ, ಟಿವಿ ಕಪಾಟಿನೊಳಗೆ ತುರುಕಬೇಡಿ, ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ. ಅಮ್ಮನಿಗೆ ಈ ಕೊನೆಯದನ್ನು ಒಪ್ಪಿಸಲು ನನಗೆ ಒಂದು ತಿಂಗಳು ಹಿಡಿಯಿತು.

ಹಳೆ ಸೆಟ್ಟಿಗೆ ಮೊದಲ ಸಲ ಕರೆಂಟ್ ಕೊಡುವಾಗ

ನೇರ ಸಾಕೆಟ್ಟಿಗೆ ಬೇಡ. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಸೀರೀಸ್ ಬೋರ್ಡ್ ಇರುತ್ತದೆ: ಫೇಸ್ ವೈರಿನ ನಡುವೆ ಒಂದು 100 ವ್ಯಾಟಿನ ಹಳೆ ಮಾದರಿಯ ತಂತಿ ಬಲ್ಬ್. ಅದರ ಮೂಲಕ ಕರೆಂಟ್ ಕೊಡಿ. ಬಲ್ಬ್ ಒಂದು ಸಲ ಬೆಳಗಿ ಮಂಕಾದರೆ ಒಳಗೆ ಶಾರ್ಟ್ ಇಲ್ಲ. ಬೆಳಗುತ್ತಲೇ ನಿಂತರೆ ತಕ್ಷಣ ಆಫ್ ಮಾಡಿ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಮುಚ್ಚಳ ತೆಗೆದು ಒಳಗೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕ್ಯಾಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಬಲ್ಬ್ ಪರೀಕ್ಷೆ ದಾಟಿದ ಮೇಲೆ ಸೆಟ್ಟನ್ನು ಬಲ್ಬ್ ಇಲ್ಲದೆ ಕರೆಂಟಿಗೆ ಹಚ್ಚಿ (100, 120 ವೋಲ್ಟಿನ ಸೆಟ್ಟಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕವೇ). ಸ್ಪೀಕರ್ ಇನ್ನೂ ಬೇಡ. ವಾಲ್ಯೂಮ್ ಸೊನ್ನೆಯಲ್ಲಿಟ್ಟು ಹತ್ತು ನಿಮಿಷ ಬಿಟ್ಟು, ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಮಿಲಿವೋಲ್ಟ್ ಅಳೆಯಿರಿ. 50ರೊಳಗೆ ಇದ್ದರೆ ನಿಶ್ಚಿಂತೆ. 100 ದಾಟಿದರೆ ರಿಪೇರಿ ಮಾಡಿಸದೆ ಸ್ಪೀಕರ್ ಹಚ್ಚಬೇಡಿ. ವೋಲ್ಟುಗಟ್ಟಲೆ ಬಂದರೆ ಅದು ಕಾಯಿಲ್ ಸುಡುವ ಸೆಟ್. ವಾಲ್ಯೂಮ್ ತಿರುಗಿಸುವಾಗ ಬರುವ ಕರಕರ ದೊಡ್ಡ ರೋಗವಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿದರೆ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬೇಡಿ, ಅದಕ್ಕೆ ಧೂಳು ಅಂಟಿ ಮುಂದಿನ ವರ್ಷ ಇನ್ನೂ ಜಾಸ್ತಿಯಾಗುತ್ತದೆ.

ಮನೆಯಲ್ಲಿ ಕೂಡಿಸುವುದು

ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೆ ಪರಸಿ ಕಲ್ಲು, ಗೋಡೆ ಬೋಳು. ದನಿ ಚೆಂಡಿನಂತೆ ಪುಟಿಯುತ್ತದೆ. ಸ್ಪೀಕರಿಗೂ ನೀವು ಕೂರುವ ಜಾಗಕ್ಕೂ ನಡುವೆ ಜಮಖಾನ ಹಾಸಿ. ಹಿಂದಿನ ಗೋಡೆಗೆ ಅಜ್ಜಿ ಹೊಲಿದ ಕೌದಿ ಇದ್ದರೆ ತೂಗುಹಾಕಿ. ಸಾವಿರಾರು ರೂಪಾಯಿಯ ಫೋಮ್ ಹಲಗೆಗಿಂತ ಕೌದಿಯ ಮೇಲೆ ನನಗೆ ನಂಬಿಕೆ. ಗಾಯಕ ಜಂಬಲದಿನ್ನಿಯವರು ಹಾಡಿದ ವಚನದಲ್ಲಿ ಮಾತು ಕಲಸಿದಂತೆ ಕೇಳುತ್ತಿದ್ದದ್ದು ಕೌದಿ ಹಾಕಿದ ಸಂಜೆಯೇ ತಿಳಿಯಾಯಿತು.

ಎರಡು ಡಬ್ಬದ ನಡುವೆ ಎಷ್ಟು ದೂರವೋ ನಿಮ್ಮಿಂದ ಅವಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಇರಲಿ. ಗೋಡೆಯಿಂದ ಒಂದಡಿ ಮುಂದೆ ಎಳೆಯಿರಿ, ಗುಂಯ್ ಅನ್ನುವ ಬಾಸ್ ಇಳಿಯುತ್ತದೆ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಪುಸ್ತಕಗಳಲ್ಲಿ ಸ್ಟ್ಯಾಂಡಿನ ಎತ್ತರ ಹೇಳುವಾಗ ಕುರ್ಚಿಯ ಲೆಕ್ಕ ಇಟ್ಟಿರುತ್ತಾರೆ. ನಾವು ಜಮಖಾನದ ಮೇಲೆ ಗೋಡೆಗೆ ಒರಗಿ ಕೂರುವವರು. ನಾನು ಸ್ಟ್ಯಾಂಡ್ ತೆಗೆದು, ಡಬ್ಬದ ಕೆಳಗೆ ಎರಡೆರಡು ಇಟ್ಟಿಗೆ ಕೊಟ್ಟು, ಮುಂದಿನ ಇಟ್ಟಿಗೆಗೆ ಒಂದು ರಟ್ಟು ಸೇರಿಸಿ ಮುಖ ತುಸು ಮೇಲೆತ್ತಿ ಇಟ್ಟಿದ್ದೇನೆ.